ಕೂಗಿನ ಜಾಗದಲ್ಲಿ ಕೊಂಬಿನ ದನಿ: ‘ಸನ್‌ರೈಸ್’ ಸಿನಿಮಾದ ಒಂದು ಪ್ರಕರಣ ಅಧ್ಯಯನ

ರಾತ್ರಿ. ಬಿರುಗಾಳಿ ಈಗಷ್ಟೇ ನಿಂತಿದೆ. ಸರೋವರದ ಮೇಲೆ ಸಾಲು ದೋಣಿಗಳು, ದೋಣಿಗಳಲ್ಲಿ ಲಾಟೀನು ಹಿಡಿದ ಊರಿನವರು. ಒಬ್ಬ ರೈತ ಬಗ್ಗಿ ನೀರನ್ನೇ ನೋಡುತ್ತಿದ್ದಾನೆ. ಅವನ ಹೆಂಡತಿ ಈ ನೀರಿನಲ್ಲಿ ಎಲ್ಲೋ ಕಳೆದುಹೋಗಿದ್ದಾಳೆ. ಅವಳ ಮೈಗೆ ಕಟ್ಟಿದ್ದ ಜೊಂಡಿನ ಕಂತೆ ಬಿಚ್ಚಿಹೋಗಿ ಎಳೆ ಎಳೆಯಾಗಿ ತೇಲಿ ಬರುತ್ತಿದೆ. ಅವನು ಬಾಯಿ ತೆರೆದು ಕೂಗುತ್ತಾನೆ.

ಆಗ ನಮಗೆ ಕೇಳಿಸುವುದು ಮನುಷ್ಯನ ದನಿಯಲ್ಲ, ಒಂದು ಫ್ರೆಂಚ್ ಹಾರ್ನ್. ಕೊಂಬು ವಾದ್ಯದ ಒಂದೇ ಒಂದು ಒಂಟಿ ಸ್ವರ ನೀರಿನ ಮೇಲೆ ಹೋಗುತ್ತದೆ, ಉತ್ತರ ಬರುವುದಿಲ್ಲ. ಅವನು ಮತ್ತೆ ಬಾಯಿ ತೆರೆಯುತ್ತಾನೆ. ಮತ್ತೆ ಕೊಂಬು.

ಈ ಸಿನಿಮಾ ‘ಸನ್‌ರೈಸ್: ಎ ಸಾಂಗ್ ಆಫ್ ಟು ಹ್ಯೂಮನ್ಸ್’. ನಿರ್ದೇಶಕ ಜರ್ಮನಿಯ ಎಫ್. ಡಬ್ಲ್ಯು. ಮುರ್ನೋ, ನಿರ್ಮಾಣ ಅಮೆರಿಕದ ಫಾಕ್ಸ್ ಕಂಪನಿ, ಮೊದಲ ಪ್ರದರ್ಶನ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಥಿಯೇಟರಿನಲ್ಲಿ, 1927ರ ಸೆಪ್ಟೆಂಬರ್ 23ರಂದು. ಪುಸ್ತಕಗಳಲ್ಲಿ ಇದನ್ನು ಮೂಕಿ ಚಿತ್ರಗಳ ಪಟ್ಟಿಗೆ ಸೇರಿಸುತ್ತಾರೆ. ಮಾತು ಇಲ್ಲ ಅನ್ನುವುದು ನಿಜ. ಆದರೆ ಇದರ ಫಿಲ್ಮಿನ ಅಂಚಿನಲ್ಲೇ ಧ್ವನಿ ಅಚ್ಚಾಗಿದೆ. ಹಾಗಾದರೆ ಇದನ್ನು ಏನಂತ ಕರೆಯಬೇಕು?

ನಾನು ಮೊದಲ ಸಲ ನೋಡಿದ ಪ್ರತಿಗೆ ಯಾರೋ ಹೊಸದಾಗಿ ಪಿಯಾನೋ ಸಂಗೀತ ಸೇರಿಸಿದ್ದರು. ಸರೋವರದ ದೃಶ್ಯ ಆಗಲೂ ಮನಸ್ಸಿಗೆ ತಟ್ಟಿತ್ತು. ವರ್ಷಗಳಾದ ಮೇಲೆ 1927ರ ಮೂಲ ಧ್ವನಿ ಇರುವ ಪ್ರತಿ ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡು ನೋಡುತ್ತಿದ್ದೆ. ಆ ಕೊಂಬು ಕೇಳಿದಾಗ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಂದು ಪ್ರಶ್ನೆ ಹುಟ್ಟಿದ್ದು ಅಲ್ಲೇ. ಧ್ವನಿ ಮುದ್ರಿಸುವ ಯಂತ್ರ ಕೈಯಲ್ಲಿದ್ದವರು, ಒಬ್ಬ ಗಂಡ ಹೆಂಡತಿಯನ್ನು ಕೂಗುವ ಕಡೆಯಲ್ಲಿ ಅವನ ದನಿಯನ್ನೇ ಯಾಕೆ ಹಾಕಲಿಲ್ಲ?

ಕಥೆ ಇಷ್ಟು

ಹಳ್ಳಿಯ ರೈತ, ಅವನ ಹೆಂಡತಿ, ಒಂದು ಮಗು. ಬೇಸಿಗೆ ಕಳೆಯಲು ಬಂದ ಪೇಟೆಯ ಹೆಂಗಸೊಬ್ಬಳು ಅಲ್ಲೇ ಉಳಿದುಬಿಟ್ಟಿದ್ದಾಳೆ. ರೈತ ಅವಳ ಬಲೆಗೆ ಬಿದ್ದಿದ್ದಾನೆ. ಹೊಲ ಮಾರಿ ಪೇಟೆಗೆ ಬಾ ಅನ್ನುತ್ತಾಳೆ ಅವಳು. ಹೆಂಡತಿಯ ಗತಿ? ‘ನೀರಲ್ಲಿ ಮುಳುಗಿಹೋಗಬಾರದಾ?’ ಅಂತ ಕೇಳುತ್ತಾಳೆ. ಈ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುತ್ತದೆ. ಬಂದ ಅಕ್ಷರಗಳು ನಿಂತಲ್ಲಿ ನಿಲ್ಲುವುದಿಲ್ಲ, ಕರಗಿ ಕೆಳಕ್ಕೆ ಜಾರುತ್ತವೆ, ಮುಳುಗುತ್ತವೆ. ಮಾತಿಗೆ ದನಿ ಇಲ್ಲದ ಕಾಲದಲ್ಲಿ ಮಾತಿನ ಅರ್ಥವನ್ನು ಅಕ್ಷರದ ಕೈಯಲ್ಲೇ ಮಾಡಿಸಿ ತೋರಿಸಿದ್ದಾರೆ.

ದೋಣಿ ಮಗುಚಿದರೆ ಅವನು ಮಾತ್ರ ತೇಲಿ ಬದುಕಲಿ ಅಂತ ಜೊಂಡಿನ ಕಂತೆ ಸಿದ್ಧವಾಗುತ್ತದೆ. ಹೆಂಡತಿಯನ್ನು ದೋಣಿಗೆ ಹತ್ತಿಸಿಕೊಂಡು ಹೊರಡುತ್ತಾನೆ. ಮನೆಯ ನಾಯಿಗೆ ಏನೋ ಗೊತ್ತಾಗಿಬಿಡುತ್ತದೆ, ಕಟ್ಟು ಬಿಡಿಸಿಕೊಂಡು ಈಜಿ ಬರುತ್ತದೆ. ಅದನ್ನು ವಾಪಸ್ ಬಿಟ್ಟು ಬಂದು ಮತ್ತೆ ಹುಟ್ಟು ಹಾಕುತ್ತಾನೆ. ನಡುನೀರಿನಲ್ಲಿ ಎದ್ದು ನಿಲ್ಲುತ್ತಾನೆ. ಅವಳು ಕೈ ಮುಗಿಯುತ್ತಾಳೆ. ಅವನ ಕೈಯಲ್ಲಿ ಆಗುವುದಿಲ್ಲ. ದಡ ಮುಟ್ಟಿದ ಕೂಡಲೇ ಅವಳು ಓಡಿ ಟ್ರಾಮ್ ಹತ್ತುತ್ತಾಳೆ, ಅವನೂ ಹತ್ತುತ್ತಾನೆ. ಕಾಡಿನೊಳಗಿಂದ ಹೊರಟ ಟ್ರಾಮ್ ನಗರದ ನಟ್ಟನಡುವೆ ಇಳಿಸುತ್ತದೆ.

ಅಲ್ಲಿ, ಒಂದೇ ದಿನದಲ್ಲಿ, ಅವರ ಮದುವೆ ಇನ್ನೊಂದು ಸಲ ಆದ ಹಾಗೆ ಆಗುತ್ತದೆ. ಯಾರದೋ ಮದುವೆ ನೋಡಲು ಚರ್ಚಿನೊಳಗೆ ಹೋಗುತ್ತಾರೆ, ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಅಳುತ್ತಾನೆ. ಆಮೇಲೆ ಕ್ಷೌರದಂಗಡಿ, ಫೋಟೋ ಸ್ಟುಡಿಯೋ, ಜಾತ್ರೆಯಂಥ ಮೋಜಿನ ತಾಣ, ತಪ್ಪಿಸಿಕೊಂಡ ಹಂದಿಮರಿ, ಹಳ್ಳಿ ಕುಣಿತ. ಬೆಳದಿಂಗಳಲ್ಲಿ ದೋಣಿಯಲ್ಲಿ ವಾಪಸ್ ಬರುವಾಗ ಬಿರುಗಾಳಿ. ಕೊಲೆಗೆಂದು ತಂದ ಜೊಂಡನ್ನು ಅವನು ಅವಳ ಮೈಗೆ ಕಟ್ಟುತ್ತಾನೆ. ಅಲ್ಲಿಂದ ನಾವು ಮೊದಲು ನೋಡಿದ ದೃಶ್ಯಕ್ಕೆ ಬರುತ್ತೇವೆ.

ಮೂಲ ಕಥೆ ಜರ್ಮನ್ ಲೇಖಕ ಹೆರ್ಮಾನ್ ಸೂಡರ್‌ಮಾನ್ ಅವರದ್ದು. ಅದರಲ್ಲಿ ಗಂಡ ನೀರುಪಾಲಾಗುತ್ತಾನೆ, ಹೆಂಡತಿ ಉಳಿಯುತ್ತಾಳೆ. ಸಿನಿಮಾದಲ್ಲಿ ಇಬ್ಬರೂ ಉಳಿಯುತ್ತಾರೆ. ಚಿತ್ರಕಥೆ ಕಾರ್ಲ್ ಮೇಯರ್ ಅವರದ್ದು. ಪಾತ್ರಗಳಿಗೆ ಹೆಸರೇ ಇಲ್ಲ: ಗಂಡಸು, ಹೆಂಡತಿ, ಪೇಟೆಯ ಹೆಂಗಸು, ಅಷ್ಟೆ. ಗಂಡನಾಗಿ ಜಾರ್ಜ್ ಓಬ್ರಿಯನ್, ಹೆಂಡತಿಯಾಗಿ ಜಾನೆಟ್ ಗೇನರ್, ಪೇಟೆಯವಳಾಗಿ ಮಾರ್ಗರೆಟ್ ಲಿವಿಂಗ್‌ಸ್ಟನ್. ಓಬ್ರಿಯನ್ ನಡಿಗೆ ಭಾರವಾಗಿ ಕಾಣಲಿ ಅಂತ ಮುರ್ನೋ ಅವರ ಬೂಟಿಗೆ ಸೀಸದ ತೂಕ ಹಾಕಿಸಿದ್ದರು. ಮೊದಲರ್ಧದಲ್ಲಿ ಅವರ ಬೆನ್ನನ್ನು ನೋಡಿದರೆ ಸಾಕು, ತಪ್ಪು ಹೊತ್ತ ಮನುಷ್ಯ ಹೇಗೆ ನಡೆಯುತ್ತಾನೆ ಅಂತ ಗೊತ್ತಾಗುತ್ತದೆ.

ಧ್ವನಿಯ ಹಿಂದೆ ಬಿದ್ದವರು

ಚಿತ್ರಕ್ಕೆ ದನಿ ಕೂಡಿಸುವ ಆಸೆ ಸಿನಿಮಾದಷ್ಟೇ ಹಳೆಯದು. 1894-95ರ ಹೊತ್ತಿಗೇ ಎಡಿಸನ್ ಅವರ ಪ್ರಯೋಗಶಾಲೆಯಲ್ಲಿ ವಿಲಿಯಂ ಡಿಕ್ಸನ್ ದೊಡ್ಡ ಕಹಳೆಯೊಂದರ ಮುಂದೆ ನಿಂತು ಪಿಟೀಲು ನುಡಿಸಿದ್ದರು, ಪಕ್ಕದಲ್ಲಿ ಇಬ್ಬರು ಗಂಡಸರು ಕೈಕೈ ಹಿಡಿದು ಕುಣಿದಿದ್ದರು. ಚಿತ್ರ ಒಂದು ಕಡೆ, ಧ್ವನಿ ಅಚ್ಚಾದ ಮೇಣದ ಉರುಳೆ ಇನ್ನೊಂದು ಕಡೆ. ಎರಡನ್ನೂ ಸರಿಯಾಗಿ ಹೊಂದಿಸಿ ಕೇಳಲು ನೂರು ವರ್ಷ ಬೇಕಾಯಿತು.

ತೊಡಕು ಎರಡೇ. ಒಂದು, ತುಟಿ ಮತ್ತು ದನಿ ಜೊತೆಯಲ್ಲೇ ಹೋಗಬೇಕು. ಎರಡು, ಆ ದನಿ ಸಾವಿರ ಜನ ಕೂತ ಥಿಯೇಟರಿಗೆ ಕೇಳಿಸಬೇಕು. ಎರಡನೆಯದಕ್ಕೆ ಲೀ ಡಿ ಫಾರೆಸ್ಟ್ ಅವರ ಆಡಿಯಾನ್ ಅನ್ನುವ ರೇಡಿಯೋ ವಾಲ್ವ್ ದಾರಿ ತೋರಿಸಿತು. ಅದರಿಂದ ಆಂಪ್ಲಿಫೈಯರ್ ಬಂತು. ಮೊದಲನೆಯದಕ್ಕೆ ಎರಡು ಉತ್ತರಗಳು ಹುಟ್ಟಿಕೊಂಡವು, ಎರಡರ ನಡುವೆ ಪೈಪೋಟಿಯೂ ಆಯಿತು.

ವಾರ್ನರ್ ಸಹೋದರರು ಹಿಡಿದದ್ದು ತಟ್ಟೆಯ ದಾರಿ. ಅದರ ಹೆಸರು ವೈಟಾಫೋನ್. 16 ಇಂಚಿನ ಗ್ರಾಮಾಫೋನ್ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಮುಳ್ಳು ಒಳಗಿನಿಂದ ಹೊರಕ್ಕೆ ಚಲಿಸುತ್ತಿತ್ತು. 1926ರ ಆಗಸ್ಟ್ 6ರಂದು ‘ಡಾನ್ ಹುವಾನ್’ ಚಿತ್ರದ ಜೊತೆ ಇದು ಜನರ ಮುಂದೆ ಬಂತು. ಅದೂ ಒಂದು ಪ್ರೇಮಕಥೆ, ಅದರಲ್ಲೂ ಮಾತಿಲ್ಲ, ಮುದ್ರಿತ ಸಂಗೀತ ಮತ್ತು ಕೆಲವು ಸದ್ದುಗಳು ಮಾತ್ರ. ಕೇಳಲು ತಟ್ಟೆ ಚೆನ್ನಾಗಿಯೇ ಇತ್ತು. ಆದರೆ ಪ್ರೊಜೆಕ್ಟರ್ ಓಡಿಸುವವನ ಕಷ್ಟ ಹೇಳತೀರದು. ಫಿಲ್ಮ್ ಹರಿದು ನಾಲ್ಕು ಚೌಕ (ಫ್ರೇಮ್, ಅಂದರೆ ಫಿಲ್ಮಿನ ಒಂದೊಂದು ಬಿಡಿ ಚಿತ್ರ) ಕತ್ತರಿಸಿ ಅಂಟಿಸಿದರೆ ಚಿತ್ರ ಮುಂದೆ, ದನಿ ಹಿಂದೆ. ಕತ್ತರಿಸಿದಷ್ಟೇ ಕಪ್ಪು ಫಿಲ್ಮನ್ನು ಎಣಿಸಿ ಸೇರಿಸಬೇಕಿತ್ತು. ತಟ್ಟೆಯೂ ಇಪ್ಪತ್ತು ಸಲ ನುಡಿಯುವಷ್ಟರಲ್ಲಿ ಸವೆದುಹೋಗುತ್ತಿತ್ತು.

ವಿಲಿಯಂ ಫಾಕ್ಸ್ ಹಿಡಿದದ್ದು ಬೆಳಕಿನ ದಾರಿ. ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನಲ್ಲಿ ಥಿಯೋಡೋರ್ ಕೇಸ್ ಅನ್ನುವ ಸಂಶೋಧಕರು, ಅರ್ಲ್ ಸ್ಪಾನೆಬಲ್ ಅವರ ಜೊತೆ ಸೇರಿ, ಧ್ವನಿಯನ್ನು ಬೆಳಕಾಗಿ ಮಾಡಿ ಫಿಲ್ಮಿನ ಮೇಲೇ ಅಚ್ಚು ಹಾಕುವ ಕೆಲಸದಲ್ಲಿದ್ದರು. ಮೊದಲು ಅವರು ಡಿ ಫಾರೆಸ್ಟ್ ಜೊತೆ ಇದ್ದವರು, ಆಮೇಲೆ ಬೇರೆಯಾದರು. 1926ರ ಜುಲೈನಲ್ಲಿ ಫಾಕ್ಸ್-ಕೇಸ್ ಕಂಪನಿ ಶುರುವಾಯಿತು. ಈ ಪದ್ಧತಿಗೆ ಮೂವಿಟೋನ್ ಅಂತ ಹೆಸರಿಟ್ಟರು.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಸಿನಿಮಾದ ರೂಪವನ್ನೇ ಇದು ಬದಲಿಸಿತು.

ಮೈಕಿನಿಂದ ಬರುವ ವಿದ್ಯುತ್ತು ಒಂದು ಪುಟ್ಟ ದೀಪವನ್ನು ಹೆಚ್ಚು ಕಡಿಮೆ ಮಾಡುತ್ತದೆ. ದನಿ ಏರಿದರೆ ದೀಪ ಪ್ರಖರ, ಇಳಿದರೆ ಮಂಕು. ಆ ಬೆಳಕು ಕೂದಲೆಳೆಯಂಥ ಸೀಳಿನಿಂದ ಹಾದು, ಓಡುತ್ತಿರುವ ಫಿಲ್ಮಿನ ಅಂಚಿನ ಮೇಲೆ ಬೀಳುತ್ತದೆ. ಫಿಲ್ಮ್ ತೊಳೆದ ಮೇಲೆ ಅಂಚಿನಲ್ಲಿ ಬೂದು, ಕಪ್ಪು, ತಿಳಿಬೂದು ಅಡ್ಡಗೆರೆಗಳ ಸಾಲು ಕಾಣುತ್ತದೆ. ಬಾಚಣಿಗೆಯ ಹಲ್ಲುಗಳ ಹಾಗೆ. ಥಿಯೇಟರಿನಲ್ಲಿ ಇದರ ಉಲ್ಟಾ ಕೆಲಸ: ದೀಪದ ಬೆಳಕು ಆ ಗೆರೆಗಳನ್ನು ದಾಟಿ ಫೋಟೋಸೆಲ್ ಮೇಲೆ ಬೀಳುತ್ತದೆ, ಬೆಳಕಿನ ಏರಿಳಿತ ಮತ್ತೆ ವಿದ್ಯುತ್ತಾಗುತ್ತದೆ, ಆಂಪ್ಲಿಫೈಯರ್ ದಾಟಿ ಪರದೆಯ ಹಿಂದಿನ ಸ್ಪೀಕರಿಗೆ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಚಿತ್ರ ಕಾಣಬೇಕಾದರೆ ಫಿಲ್ಮ್ ಪ್ರತಿ ಚೌಕಕ್ಕೂ ಒಂದು ಕ್ಷಣ ನಿಂತು ಹೋಗಬೇಕು. ದನಿ ಕೇಳಬೇಕಾದರೆ ಎಲ್ಲೂ ನಿಲ್ಲದೆ ನುಣ್ಣಗೆ ಓಡಬೇಕು. ಒಂದೇ ಜಾಗದಲ್ಲಿ ಎರಡೂ ಆಗುವುದಿಲ್ಲ ಅಲ್ವಾ? ಅದಕ್ಕೆ ದನಿ ಓದುವ ಜಾಗವನ್ನು ಕೆಳಗೆ ಬೇರೆಯಾಗಿ ಇಟ್ಟರು. ಒಂದು ಚಿತ್ರದ ದನಿ ಅದೇ ಚಿತ್ರದ ಪಕ್ಕದಲ್ಲಿ ಇರುವುದಿಲ್ಲ, ಸುಮಾರು 20 ಚೌಕ ಮುಂದೆ ಇರುತ್ತದೆ.

ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ವೇಗ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತಿತ್ತು. ದನಿ ಬಂದ ಮೇಲೆ ಅದು ಸಾಧ್ಯವಿಲ್ಲ, ಶ್ರುತಿಯೇ ಕೆಡುತ್ತದೆ. ಸೆಕೆಂಡಿಗೆ 24 ಚೌಕ ಅನ್ನುವ ಲೆಕ್ಕ ನಿಂತದ್ದು ಹೀಗೆ. ದನಿಯ ಪಟ್ಟಿಗೆ ಸುಮಾರು ಎರಡೂವರೆ ಮಿಲಿಮೀಟರ್ ಜಾಗ ಬೇಕು. ಅಷ್ಟು ಜಾಗವನ್ನು ಚಿತ್ರದಿಂದಲೇ ಕಿತ್ತುಕೊಂಡರು. ‘ಸನ್‌ರೈಸ್’ ನೋಡುವಾಗ ಚೌಕಟ್ಟು ಬಹುತೇಕ ಚಚ್ಚೌಕವಾಗಿ ಕಾಣುವುದಕ್ಕೆ ಕಾರಣ ಇದು. ನನಗಂತೂ ಆ ಇಕ್ಕಟ್ಟು ಈ ಕಥೆಗೆ ಒಪ್ಪುತ್ತದೆ ಅನ್ನಿಸುತ್ತದೆ. ದೋಣಿಯಲ್ಲಿ ಇಬ್ಬರು ಎದುರುಬದುರು ಕೂತಾಗ, ಆಕೆಗೆ ಓಡಿಹೋಗಲು ಪಕ್ಕದಲ್ಲಿ ಜಾಗವೇ ಇಲ್ಲ ಅನ್ನಿಸುವಂತೆ ಆಗುತ್ತದೆ.

ಕೈಕಾಲು ಬಿಚ್ಚಿದ ಕ್ಯಾಮೆರಾ

ಫಾಕ್ಸ್ ಮುರ್ನೋ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡದ್ದು 1926ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ‘ದಿ ಲಾಸ್ಟ್ ಲಾಫ್’ ಅನ್ನುವ ಜರ್ಮನ್ ಚಿತ್ರದಲ್ಲಿ ಅವರು ಬರಹದ ಕಾರ್ಡುಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟು, ಕ್ಯಾಮೆರಾವನ್ನು ಎಲ್ಲೆಂದರಲ್ಲಿ ಓಡಾಡಿಸಿ ಹೆಸರು ಮಾಡಿದ್ದರು. ಫಾಕ್ಸ್ ಅವರಿಗೆ ಕೇಳಿದ್ದೆಲ್ಲ ಕೊಟ್ಟರು. ಸರೋವರದ ದಂಡೆಯಲ್ಲಿ ಒಂದು ಹಳ್ಳಿ ಎದ್ದಿತು, ಟ್ರಾಮಿಗೆ ಹಳಿ ಹಾಸಿದರು, ಸ್ಟುಡಿಯೋ ಜಾಗದಲ್ಲಿ ಒಂದು ನಗರವನ್ನೇ ಕಟ್ಟಿದರು. ನಗರದ ವಿನ್ಯಾಸ ರೋಖಸ್ ಗ್ಲೀಸೆ ಅವರದ್ದು. ಹಿಂದಿನ ಕಟ್ಟಡಗಳು ಬೇಕೆಂದೇ ಚಿಕ್ಕವು, ದೂರ ಜಾಸ್ತಿ ಕಾಣಲಿ ಅಂತ.

ರಾತ್ರಿ ರೈತ ಪೇಟೆಯ ಹೆಂಗಸನ್ನು ನೋಡಲು ಜವುಗುನೆಲ ದಾಟಿ ಹೋಗುವ ದೃಶ್ಯ ಒಂದಿದೆ. ಛಾಯಾಗ್ರಾಹಕರಾದ ಚಾರ್ಲ್ಸ್ ರೋಷರ್ ಮತ್ತು ಕಾರ್ಲ್ ಸ್ಟ್ರಸ್ ಅವರ ಕ್ಯಾಮೆರಾ ಸ್ಟುಡಿಯೋ ಚಾವಣಿಗೆ ಬಿಗಿದ ಹಳಿಯಿಂದ ಇಳಿಬಿದ್ದು ಅವನ ಹಿಂದೆ ಹೋಗುತ್ತದೆ. ಅವನು ಬೇಲಿ ದಾಟುತ್ತಾನೆ, ಮರದಡಿ ಬಗ್ಗುತ್ತಾನೆ, ಕ್ಯಾಮೆರಾ ಅವನನ್ನು ಬಿಟ್ಟು ಬೇರೆ ದಾರಿ ಹಿಡಿದು, ಕೊಂಬೆಗಳನ್ನು ತಳ್ಳಿಕೊಂಡು, ಅವನಿಗಿಂತ ಮೊದಲೇ ಅವಳ ಹತ್ತಿರ ತಲುಪಿಬಿಡುತ್ತದೆ. ಅವಳು ಚಂದಿರನ ಕೆಳಗೆ ಕಾಯುತ್ತಿದ್ದಾಳೆ. ನಾವು ಅವನಿಗಿಂತ ಮುಂಚೆ ಅವಳನ್ನು ನೋಡಿದಂತಾಯಿತು. ಆಸೆ ಕಾಲಿಗಿಂತ ಬೇಗ ಹೋಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ತೋರಿಸುತ್ತೀರಿ?

ಇದು ಸಾಧ್ಯವಾದದ್ದು ಚಿತ್ರೀಕರಣದ ಹೊತ್ತಿನಲ್ಲಿ ಮೈಕ್ ಇರಲಿಲ್ಲ ಅನ್ನುವ ಕಾರಣಕ್ಕೆ. ‘ಸನ್‌ರೈಸ್’ ಚಿತ್ರೀಕರಣ ನಡೆದದ್ದು ಪೂರ್ತಿ ಮೂಕಿಯಾಗಿಯೇ. ಧ್ವನಿ ಸೇರಿದ್ದು ಎಲ್ಲ ಮುಗಿದ ಮೇಲೆ. ಒಂದೆರಡು ವರ್ಷದ ನಂತರ ಮಾತಿನ ಚಿತ್ರಗಳು ಬಂದಾಗ ಕ್ಯಾಮೆರಾದ ಸದ್ದು ಮೈಕಿಗೆ ಕೇಳಬಾರದು ಅಂತ ಅದನ್ನು ಗಾಜಿನ ಕಿಟಕಿಯ ಗೂಡಿನೊಳಗೆ ಕೂಡಿಹಾಕಿದರು. ಕ್ಯಾಮೆರಾಮನ್ ಒಳಗೆ ಬೆವರುತ್ತಾ ಕೂರಬೇಕು. ನಟರು ಹೂದಾನಿಯಲ್ಲಿ ಬಚ್ಚಿಟ್ಟ ಮೈಕಿನ ಸುತ್ತ ನಿಂತು ಮಾತಾಡಬೇಕು. ಜವುಗಿನ ದೃಶ್ಯದಂಥದ್ದು ಆಗ ಯೋಚಿಸಲೂ ಆಗದ ಮಾತು.

ಅಂಚಿನ ಎರಡೂವರೆ ಮಿಲಿಮೀಟರಿನಲ್ಲಿ ಏನೇನಿದೆ

ಈಗ ಮೂಲ ಪ್ರಶ್ನೆಗೆ ಬರೋಣ. ಪಟ್ಟಿಯ ಹೆಚ್ಚಿನ ಭಾಗ ವಾದ್ಯಗೋಷ್ಠಿಯ ಸಂಗೀತ. ಇದು ಹ್ಯೂಗೋ ರೀಸನ್‌ಫೆಲ್ಡ್ ಅವರ ಹೆಸರಿನಲ್ಲಿ ದಾಖಲಾಗಿದೆ. ವಿಯೆನ್ನಾದಲ್ಲಿ ಹುಟ್ಟಿದ ಇವರು ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಲ್ಲಿ ಮೂಕಿ ಚಿತ್ರಗಳಿಗೆ ವಾದ್ಯಗೋಷ್ಠಿ ನಡೆಸಿದವರು. ಆ ಕಾಲದ ರೂಢಿಯಂತೆ ಪ್ರಸಿದ್ಧ ಸಂಗೀತಗಾರರ ತುಣುಕುಗಳೂ ನಡುವೆ ಬರುತ್ತವೆ. ಗೂನೋ ಅವರ ಬೊಂಬೆಯ ಶವಯಾತ್ರೆಯ ಸಂಗೀತ ಅದರಲ್ಲೊಂದು. ಹಿಚ್‌ಕಾಕ್ ಟಿವಿ ಸರಣಿ ನೋಡಿದವರಿಗೆ ಅದು ಕೂಡಲೇ ಗುರುತು ಸಿಗುತ್ತದೆ, ‘ಸನ್‌ರೈಸ್’ ಅದನ್ನು ಬಳಸಿದ್ದು ಎಷ್ಟೋ ವರ್ಷ ಮುಂಚೆ.

ಸಂಗೀತದ ಜೊತೆ ಸದ್ದುಗಳಿವೆ, ಆದರೆ ಎಣಿಸಿ ಇಟ್ಟ ಹಾಗೆ, ಕೆಲವೇ ಕಡೆ. ದೋಣಿಯಲ್ಲಿ ಕೊಲೆಯ ಆ ಗಳಿಗೆ ದಾಟುವಾಗ ಚರ್ಚಿನ ಗಂಟೆ. ಅವನನ್ನು ತಡೆದದ್ದು ಹೆಂಡತಿಯ ಮುಖವೋ ಗಂಟೆಯೋ ಹೇಳಲಾಗದ ಹಾಗೆ ಎರಡೂ ಸೇರಿಕೊಂಡಿವೆ. ಆಮೇಲೆ ನಗರದ ಚರ್ಚಿನಲ್ಲಿ ಮತ್ತೆ ಗಂಟೆ. ಅಲ್ಲಿ ಅದು ಮದುವೆಯದು.

ಗಂಟೆ ಕೇಳಿಸಿದ ಮೇಲೆ ಬರುವುದೇ ರಸ್ತೆಯ ದೃಶ್ಯ. ಚರ್ಚಿನಿಂದ ಮದುಮಕ್ಕಳ ಹಾಗೆ ತೋಳು ಹಿಡಿದು ಹೊರಬಂದ ಇವರಿಬ್ಬರು ಮೈಮರೆತು ರಸ್ತೆಗೆ ಇಳಿಯುತ್ತಾರೆ. ಅಕ್ಕಪಕ್ಕ ವಾಹನಗಳು ಹಾಯುತ್ತವೆ, ಇವರಿಗೆ ಗೊತ್ತೇ ಇಲ್ಲ. ನಡೆಯುತ್ತಾ ನಡೆಯುತ್ತಾ ನಗರ ಕರಗಿ ಹೂವಿನ ಬಯಲಾಗುತ್ತದೆ. ಅಲ್ಲಿ ನಿಂತು ಮುತ್ತಿಡುತ್ತಾರೆ. ಬಯಲು ಕರಗಿದರೆ, ಇವರು ನಿಂತಿರುವುದು ನಟ್ಟನಡು ರಸ್ತೆಯಲ್ಲಿ! ಸುತ್ತ ಕಾರು, ಟ್ರಾಮು, ಕುದುರೆಗಾಡಿ ಎಲ್ಲ ಸಿಕ್ಕಿಹಾಕಿಕೊಂಡಿವೆ. ಹಾರ್ನುಗಳು ಬಡಿದುಕೊಳ್ಳುತ್ತವೆ. ಜನ ಕಿರುಚುತ್ತಾರೆ.

ಇಲ್ಲಿ ಕಿವಿಗೊಟ್ಟು ಕೇಳಿ. ಆ ಗದ್ದಲದಲ್ಲಿ ಮನುಷ್ಯರ ದನಿ ಇದೆ. ಗುಂಪಿನ ಕೂಗಾಟ ಧ್ವನಿಪಟ್ಟಿಯಲ್ಲಿ ಅಚ್ಚಾಗಿದೆ.

ಈ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸರೋವರದ ದೃಶ್ಯದಲ್ಲಿ ಕೊಂಬು ಬಳಸಿದ್ದು ಬೇರೆ ಗತಿಯಿಲ್ಲದೆ ಅಂತ ಯಾರಾದರೂ ಹೇಳಬಹುದು: ಚಿತ್ರೀಕರಣದಲ್ಲಿ ಮೈಕ್ ಇರಲಿಲ್ಲ, ನೀರಿನ ಮೇಲೆ ರಾತ್ರಿ ಹೊತ್ತು ಧ್ವನಿ ಮುದ್ರಿಸಲು ಆಗುತ್ತಿರಲಿಲ್ಲ ಅಂತ. ಅದು ಅರ್ಧ ನಿಜ. ಆದರೆ ಧ್ವನಿ ಸೇರಿಸುವಾಗ ಒಂದು ಗುಂಪನ್ನು ಮೈಕಿನ ಮುಂದೆ ಕೂಗಿಸಲು ಆದವರಿಗೆ ಒಬ್ಬನನ್ನು ಕೂಗಿಸಲು ಆಗುತ್ತಿರಲಿಲ್ಲವೇ? ದೂರದ ದೃಶ್ಯ, ಕತ್ತಲು, ತುಟಿ ಹೊಂದಿಸುವ ಕಷ್ಟವೂ ಅಷ್ಟಿಲ್ಲ. ದನಿ ಹಾಕಬಹುದಿತ್ತು. ಹಾಕಲಿಲ್ಲ.

ಯಾಕೆ ಅನ್ನುವುದಕ್ಕೆ ಸಿನಿಮಾದೊಳಗೇ ಉತ್ತರ ಸಿಗುತ್ತದೆ. ನಿಜವಾದ ದನಿ ಕೊಟ್ಟಿರುವುದು ಹೊರಗಿನ ಲೋಕಕ್ಕೆ: ಗಂಟೆ, ಹಾರ್ನ್, ಬೀದಿಯ ಜನ. ಆ ಇಬ್ಬರ ಒಳಗಿನದಕ್ಕೆ ಕೊಟ್ಟಿರುವುದು ಸಂಗೀತ. ರಸ್ತೆಯಲ್ಲಿ ಮುತ್ತಿಡುವಾಗ ಸಂಗೀತವನ್ನು ಹಾರ್ನುಗಳು ಒಡೆದು ನುಗ್ಗುತ್ತವೆ, ಅಂದರೆ ಲೋಕ ಅವರ ಕನಸಿಗೆ ನುಗ್ಗುತ್ತದೆ. ಇಡೀ ಚಿತ್ರದಲ್ಲಿ ಈ ನಿಯಮ ನಡೆದುಕೊಂಡು ಬಂದಿದೆ. ಅವನು ಹೆಂಡತಿಯನ್ನು ಕೂಗುವಾಗ ಒಬ್ಬ ಬಾಡಿಗೆ ಗಂಟಲಿನವನ ‘ಏಯ್’ ಕೇಳಿಸಿದ್ದರೆ, ಅವನು ಆ ಬೀದಿಯ ಗುಂಪಿನಲ್ಲಿ ಒಬ್ಬನಾಗಿಬಿಡುತ್ತಿದ್ದ. ಕೊಂಬು ಅವನನ್ನು ಒಳಗೇ ಉಳಿಸಿಕೊಂಡಿತು. ಅದರ ದನಿ ಮನುಷ್ಯನ ಗಂಟಲಿಗೆ ಹತ್ತಿರ, ಆದರೆ ಅದರಲ್ಲಿ ಪದ ಇಲ್ಲ. ಅವಳಿಗೆ ಹೆಸರೂ ಇಲ್ಲವಲ್ಲ. ಹೆಸರಿಲ್ಲದವಳನ್ನು ಯಾವ ಪದದಿಂದ ಕೂಗುವುದು?

ಇದು ಮುರ್ನೋ ಅವರ ತೀರ್ಮಾನವೋ, ಸಂಗೀತ ಹೊಂದಿಸಿದವರದ್ದೋ, ಯಾರದ್ದೇ ಆಗಲಿ, ಕೇಳುವ ಕಿವಿಗೆ ಇದು ಯೋಚಿಸಿ ಮಾಡಿದ ಕೆಲಸ.

ಹದಿಮೂರು ದಿನ

ಟೈಮ್ಸ್ ಸ್ಕ್ವೇರಿನ ಆ ಮೊದಲ ರಾತ್ರಿ ‘ಸನ್‌ರೈಸ್’ಗಿಂತ ಮುಂಚೆ ಮೂವಿಟೋನ್ ಸುದ್ದಿಚಿತ್ರ ಹಾಕಿದರು. ಅದರಲ್ಲಿ ಇಟಲಿಯ ಮುಸೊಲಿನಿ ಮಾತಾಡಿದರು, ವ್ಯಾಟಿಕನ್ ಗಾಯಕವೃಂದ ಹಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಲಿಂಡ್‌ಬರ್ಗ್ ವಿಮಾನ ಪ್ಯಾರಿಸಿಗೆ ಹೊರಟ ಸದ್ದನ್ನು ಕೇಳಿ ನ್ಯೂಯಾರ್ಕಿನ ಜನ ಹುಚ್ಚೆದ್ದಿದ್ದರು. ಅಂದರೆ ಒಂದೇ ಸಂಜೆ, ಒಂದೇ ಪರದೆಯಲ್ಲಿ, ಮೊದಲು ತುಟಿ ಅಲ್ಲಾಡಿದಂತೆಲ್ಲ ಮಾತು ಕೇಳಿಸುವ ಸರ್ವಾಧಿಕಾರಿ, ಆಮೇಲೆ ಬಾಯಿ ತೆರೆದರೂ ದನಿಯಿಲ್ಲದ ಪ್ರೇಮಿಗಳು. ಆ ಜನಕ್ಕೆ ಹೇಗೆ ಅನ್ನಿಸಿರಬಹುದು? ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಯಂತ್ರಕ್ಕೆ ಮಾತು ಬರುತ್ತದೆ ಅಂತ ಒಮ್ಮೆ ತಿಳಿದ ಮೇಲೆ, ಮಾತಿಲ್ಲದಿರುವುದು ಕೊರತೆ ಅಂತಲೇ ಕಾಣುತ್ತದೆ.

ಸರಿಯಾಗಿ ಹದಿಮೂರು ದಿನಕ್ಕೆ, ಅಕ್ಟೋಬರ್ 6ರಂದು, ಅದೇ ನಗರದಲ್ಲಿ ವಾರ್ನರ್ ಸಹೋದರರ ‘ದಿ ಜಾಝ್ ಸಿಂಗರ್’ ಬಂತು. ಅದರಲ್ಲೂ ಹೆಚ್ಚಿನ ಭಾಗ ಮೂಕಿಯೇ. ಆದರೆ ಆಲ್ ಜೋಲ್ಸನ್ ಹಾಡಿದರು, ಹಾಡಿನ ನಡುವೆ ಅಮ್ಮನ ಜೊತೆ ನಾಲ್ಕು ಮಾತಾಡಿದರು. ಮಾತು ಎಲ್ಲ ಸೇರಿ ಎರಡು ನಿಮಿಷದಷ್ಟು. ಅಷ್ಟೇ ಸಾಕಾಯಿತು. ‘ಸನ್‌ರೈಸ್’ ಹಾಕಿದ ದುಡ್ಡಿಗೆ ತಕ್ಕ ಗಳಿಕೆ ತರಲಿಲ್ಲ.

ಮಜಾ ನೋಡಿ, ತಾಂತ್ರಿಕವಾಗಿ ಗೆದ್ದದ್ದು ಫಾಕ್ಸ್ ಹಿಡಿದ ದಾರಿ. ಕೆಲವೇ ವರ್ಷಗಳಲ್ಲಿ ವಾರ್ನರ್ ಕಂಪನಿಯೂ ತಟ್ಟೆ ಬಿಟ್ಟು ಫಿಲ್ಮಿನ ಅಂಚಿಗೇ ಬಂತು. ಗೆಲುವು ಆ ಅಂಚಿನ ಪಟ್ಟಿಗೆ ಸಿಕ್ಕಿತು. ಅದರಲ್ಲಿ ತುಂಬಿದ್ದು ಮಾತ್ರ ವಾರ್ನರ್ ಅವರ ಸರಕು, ಅಂದರೆ ಮಾತು. ಥಿಯೇಟರುಗಳಲ್ಲಿ ನುಡಿಸುತ್ತಿದ್ದ ಸಾವಿರಾರು ಸಂಗೀತಗಾರರು ಮನೆಗೆ ಹೋದರು.

1929ರ ಮೇ 16ರಂದು ಅಮೆರಿಕದ ಅಕಾಡೆಮಿ ಮೊದಲ ಸಲ ಪ್ರಶಸ್ತಿ (ಈಗ ನಾವು ಆಸ್ಕರ್ ಅನ್ನುವುದು) ಕೊಟ್ಟಾಗ ‘ಸನ್‌ರೈಸ್’ಗೆ ವಿಶಿಷ್ಟ ಕಲಾತ್ಮಕ ಚಿತ್ರದ ಪ್ರಶಸ್ತಿ ಬಂತು. ಆ ಹೆಸರಿನ ಪ್ರಶಸ್ತಿಯನ್ನು ಆಮೇಲೆ ಯಾವತ್ತೂ ಕೊಡಲಿಲ್ಲ. ರೋಷರ್ ಮತ್ತು ಸ್ಟ್ರಸ್ ಅವರಿಗೆ ಛಾಯಾಗ್ರಹಣಕ್ಕೆ, ಜಾನೆಟ್ ಗೇನರ್ ಅವರಿಗೆ ಇದೂ ಸೇರಿದಂತೆ ಮೂರು ಚಿತ್ರಗಳ ನಟನೆಗೆ. ‘ದಿ ಜಾಝ್ ಸಿಂಗರ್’ ನಿರ್ಮಿಸಿದ ವಾರ್ನರ್ ಅವರಿಗೆ ವಿಶೇಷ ಗೌರವ ಬೇರೆಯಾಗಿ.

ಆಮೇಲೆ

ಮುರ್ನೋ ಫಾಕ್ಸ್‌ಗಾಗಿ ಮಾಡಿದ ಮುಂದಿನ ಚಿತ್ರ ‘ಫೋರ್ ಡೆವಿಲ್ಸ್’. 1928ರಲ್ಲಿ ಮಾತಿಲ್ಲದೆ ಬಂದ ಅದಕ್ಕೆ, ಮರುವರ್ಷ ಕಂಪನಿ ಮಾತಿನ ದೃಶ್ಯಗಳನ್ನು ಸೇರಿಸಿತು. ಅದರಲ್ಲಿ ಮುರ್ನೋ ಅವರ ಕೈ ಇರಲಿಲ್ಲ. ಆ ಚಿತ್ರ ಇವತ್ತು ಯಾವ ರೂಪದಲ್ಲೂ ಸಿಗುವುದಿಲ್ಲ. ಮೂರನೆಯದು ‘ಸಿಟಿ ಗರ್ಲ್’. ಅದಕ್ಕೂ ಬೇರೆಯವರು ಮಾತು ಅಂಟಿಸಿದರು. ಆ ಮಾತಿನ ಆವೃತ್ತಿ ಕಳೆದುಹೋಯಿತು, ಮೂಕಿ ಆವೃತ್ತಿ ಉಳಿಯಿತು. ಮುರ್ನೋ ಬೇಸತ್ತು ಫಾಕ್ಸ್ ಬಿಟ್ಟು ದಕ್ಷಿಣ ಸಮುದ್ರದ ತಾಹಿತಿ ಕಡೆಗೆ ಹೋದರು. ಅಲ್ಲಿ ‘ತಾಬು’ ಅನ್ನುವ ಪ್ರೇಮಕಥೆ ಮಾಡಿದರು. ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ ಅದೂ ಮಾತಿಲ್ಲದ, ಸಂಗೀತ ಮಾತ್ರ ಇದ್ದ ಚಿತ್ರ. ಅದು ತೆರೆಗೆ ಬರುವ ಒಂದು ವಾರ ಮುಂಚೆ, 1931ರ ಮಾರ್ಚ್ 11ರಂದು, ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 42.

ಅದಾಗಿ ಮೂರೇ ದಿನಕ್ಕೆ, ಮಾರ್ಚ್ 14ರಂದು, ಬೊಂಬಾಯಿಯ ಮೆಜೆಸ್ಟಿಕ್ ಸಿನಿಮಾದಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಿಡುಗಡೆಯಾಯಿತು. ಸ್ಟುಡಿಯೋ ಪಕ್ಕ ರೈಲು ಹಳಿ ಇದ್ದುದರಿಂದ ರಾತ್ರಿ ಹೊತ್ತು, ರೈಲು ಓಡಾಡದ ಹೊತ್ತು ನೋಡಿ ಚಿತ್ರೀಕರಣ ಮಾಡಿದ್ದರಂತೆ. ಅದರಲ್ಲಿ ಏಳು ಹಾಡು. ಮೂರು ವರ್ಷದ ಮೇಲೆ, 1934ರ ಮಾರ್ಚ್ 3ರಂದು, ಬೆಂಗಳೂರಿಗೆ ಬಂದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ವೂ ರಂಗಭೂಮಿಯ ಮಾತು-ಹಾಡನ್ನು ಹೊತ್ತೇ ಬಂದದ್ದು. ದನಿಯಿದ್ದೂ ಮಾತಿಲ್ಲದ ಆ ನಡುವಿನ ಮೆಟ್ಟಿಲಲ್ಲಿ ನಮ್ಮ ಸಿನಿಮಾ ನಿಲ್ಲಲೇ ಇಲ್ಲ, ನೇರ ಹಾಡಿಗೆ ಹಾರಿತು. ಒಳಗಿನ ಭಾವಕ್ಕೆ ಸಂಗೀತ ಅನ್ನುವ ನಿಯಮವನ್ನು ನಾವು ಬೇರೆ ದಾರಿಯಲ್ಲಿ, ನಾಟಕ ಕಂಪನಿಗಳ ದಾರಿಯಲ್ಲಿ ತಲುಪಿದೆವು ಅಂತ ನನಗೆ ಅನ್ನಿಸುತ್ತದೆ.

‘ಸನ್‌ರೈಸ್’ನ ಮೂಲ ನೆಗೆಟಿವ್ ಈಗಿಲ್ಲ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಫಿಲ್ಮ್ ಗೋದಾಮಿಗೆ ಬೆಂಕಿ ಬಿದ್ದಾಗ ಅದೂ ಸುಟ್ಟುಹೋಯಿತು. ನೈಟ್ರೇಟ್ ಫಿಲ್ಮ್ ಹತ್ತಿಕೊಂಡರೆ ಆರಿಸುವುದು ಕಷ್ಟ. ಈಗ ನಾವು ನೋಡುವುದು ಉಳಿದ ಪ್ರತಿಗಳಿಂದ ಮಾಡಿದ್ದನ್ನು. ಝೆಕ್ ದೇಶದಲ್ಲಿ ಇನ್ನೊಂದು ಪ್ರತಿಯೂ ಸಿಕ್ಕಿದೆ. ಅದು ಹೊರದೇಶಗಳಿಗೆ ಕಳಿಸಿದ ಮೂಕಿ ಆವೃತ್ತಿ. ಉದ್ದ ಕಡಿಮೆ, ಆದರೆ ದನಿಯ ಪಟ್ಟಿ ಇಲ್ಲದ್ದರಿಂದ ಚೌಕಟ್ಟು ಅಗಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ದನಿಗೋಸ್ಕರ ಚಿತ್ರ ಎಷ್ಟು ಜಾಗ ಬಿಟ್ಟುಕೊಟ್ಟಿತು ಅಂತ ಕಣ್ಣಿಗೇ ಕಾಣುತ್ತದೆ. ಅಗಲದ ಆವೃತ್ತಿಯಲ್ಲೂ ಸರೋವರದ ದೃಶ್ಯ ಇದೆ, ಅದೇ ಲಾಟೀನು, ಅದೇ ಜೊಂಡಿನ ಎಳೆಗಳು. ಅವನು ಬಾಯಿ ತೆರೆಯುತ್ತಾನೆ. ಅಲ್ಲಿ ಕೊಂಬು ಇಲ್ಲ.